ಡಾಕ್ಟರ್ ಹಾಗೆ ಹೇಳಿರಲಿಲ್ಲ

ಅರಳಿಯ ಮೈಗೂದಲು ಕತ್ತರಿಸಬೇಕೆಂದು ಡಾಕ್ಟರ್ ಹೇಳಿರಲಿಲ್ಲ. ಕತ್ತರಿಸಲೇಬಾರದು ಎಂದು ಹೇಳಿದ್ದರು. ನಾನು ಅದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಮನೆಗೆ ಬಂದು ಹೆಂಡತಿಗೆ ಉಲ್ಟಾ ಹೇಳಿದೆ. ಮರೆತು ಹೇಳಿದ್ದಲ್ಲ, ಗೊಂದಲದಲ್ಲಿ ಹೇಳಿದ್ದೂ ಅಲ್ಲ. ಒಂದು ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು — ಅದಕ್ಕೆ ಹೇಳಿದೆ.

ಬರೆದು ಓದಿದರೆ ನನಗೇ ನಾಚಿಕೆಯಾಗುತ್ತದೆ. ಮಗಳ ಮದುವೆ ಮಾಡಿದ ಗಂಡಸು, ಮೊಣಕಾಲೆತ್ತರವೂ ಇಲ್ಲದ ಬಿಳಿ ನಾಯಿಯೊಂದರ ಮೇಲೆ ಕಿಚ್ಚುಪಟ್ಟ ಎಂದರೆ ಕೇಳಿದವರು ನಕ್ಕಾರು. ನಗಲಿ. ನನ್ನ ಹೆಂಡತಿ ನೀಲವ್ವ ತೀರಿಕೊಂಡು ಕೆಲವು ತಿಂಗಳಾದವು. ತಾನು ಮಾಡದ ತಪ್ಪಿಗೆ ಆಕೆ ಬದುಕಿರುವಾಗ ಬಳಗದವರೆಲ್ಲ ನಕ್ಕರು. ಸತ್ತ ಮೇಲೂ ನಗುತ್ತಿದ್ದಾರೆ. ಆ ನಗು ನನ್ನ ಕಡೆ ತಿರುಗಬೇಕು. ಅಷ್ಟಕ್ಕೇ ಬರೆಯುತ್ತಿದ್ದೇನೆ.

ನಾನು ಮೂಡಲಗಿಯಲ್ಲಿ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಮಷೀನಿನ ಮುಂದೆ, ನೀಲವ್ವ ಬಾಗಿಲ ಹತ್ತಿರ ಚಾಪೆಯ ಮೇಲೆ. ನಾನು ಹೊಲಿದ ಅಂಗಿಗೆ ಆಕೆ ಕಾಜಾ ಮಾಡುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು, ಕುಪ್ಪಸಗಳಿಗೆ ಹುಕ್ಕು. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ನಾನಂತೂ ಇಲ್ಲವೇ ಇಲ್ಲ. ಆದರೆ ಸೂಜಿ ಹಿಡಿದಾಗ ಆಕೆ ಸಣ್ಣಗೆ ಗುನುಗುತ್ತಿದ್ದಳು. ಹಾಡು ಎನ್ನುವಂತಿರಲಿಲ್ಲ, ಪದಗಳೂ ಇರಲಿಲ್ಲ, ಮೂಗಿನಲ್ಲೇ ಒಂದು ಏರಿಳಿತ. ಮಷೀನು ನಿಂತಾಗ ಅದು ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ನಾನು ಎಷ್ಟೋ ಸಲ ಕಾಲು ನಿಲ್ಲಿಸುತ್ತಿದ್ದೆ. ಇದನ್ನು ಆಕೆಗೆ ಒಮ್ಮೆಯೂ ಹೇಳಲಿಲ್ಲ. ಹೇಳುವಂಥ ಮಾತು ಎಂದೇ ಅನಿಸಿರಲಿಲ್ಲ. ನನ್ನ ಪಾಲಿಗೆ ಅದು ನನ್ನದಾಗಿತ್ತು — ಮನೆಯ ಗೋಡೆ ನನ್ನದಾಗಿದ್ದ ಹಾಗೆ.

ಮಗಳು ಸವಿತಾಳನ್ನು ಹತ್ತರಗಿಗೆ ಕೊಟ್ಟ ವರ್ಷ ಅರಳಿ ಬಂತು. ಹುಕ್ಕೇರಿಯ ಜೈನ ಮನೆತನವೊಂದರ ಮದುವೆಯ ಕುಪ್ಪಸಗಳನ್ನು ನಾವು ಹೊಲಿದಿದ್ದೆವು. ಕೊಟ್ಟು ಬರಲು ಇಬ್ಬರೂ ಹೋದಾಗ ಅವರ ಪಡಸಾಲೆಯಲ್ಲಿ ಬಿಳಿ ನಾಯಿಯೊಂದು ಮರಿ ಹಾಕಿ ಮಲಗಿತ್ತು. ನೀಲವ್ವ ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು. ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ಆ ಮನೆಯ ಮುದುಕಿ ಒಂದು ಮರಿಯನ್ನೆತ್ತಿ ಆಕೆಯ ಸೆರಗಿಗೆ ಹಾಕಿದರು.

“ಘ್ಯಾ ಬಾಯಿ, ಘ್ಯಾ. ಮಗಳು ಹ್ವಾದ ಮನಿ ಬಣಬಣ ಅಂತೈತಿ. ಇದನ್ನ ಒಯ್ಯಿ.”

ನೀಲವ್ವ ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮರಿ ಆಕೆಯ ತೊಡೆಯ ಮೇಲೆ ಬಿಡಿಸಿದ ಹತ್ತಿಯ ಗುಪ್ಪೆಯ ಹಾಗೆ ಬಿದ್ದಿತ್ತು. ನಮ್ಮ ಕಡೆ ಹತ್ತಿಗೆ ಅರಳಿ ಎನ್ನುತ್ತೇವೆ. ಊರು ಮುಟ್ಟುವಷ್ಟರಲ್ಲಿ ಅದೇ ಹೆಸರಾಯಿತು.

ಆಮೇಲೆ ಮನೆಯಲ್ಲಿ ಏನು ಬದಲಾಯಿತು ಎಂದು ಹೇಳುವುದು ಕಷ್ಟ. ಅನ್ನ ತಪ್ಪಲಿಲ್ಲ, ಬಟ್ಟೆ ತಪ್ಪಲಿಲ್ಲ. ಕಾಜಾ ಕೂಡ ತಪ್ಪಲಿಲ್ಲ — ತಡವಾಗುತ್ತಿತ್ತು, ಅಷ್ಟೇ. ಬೆಳಿಗ್ಗೆ ಆಕೆ ಹಿತ್ತಲಿನ ಬೇವಿನ ಗಿಡದ ಕೆಳಗೆ ಕುಳಿತು ಅರಳಿಯ ಕೂದಲು ಬಾಚುತ್ತಿದ್ದಳು. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಕೊರಳಿನ ಸುತ್ತಲಿನ ಜೊಂಪೆ. ಬಾಚುತ್ತಾ ಗುನುಗುತ್ತಿದ್ದಳು. ಅದೇ ಏರಿಳಿತ. ಈಗ ಮಷೀನು ನಿಲ್ಲಿಸಿದರೆ ಅದು ಹಿತ್ತಲಿನಿಂದ ಕೇಳಿಸುತ್ತಿತ್ತು, ನನಗಲ್ಲದ್ದು, ಗೋಡೆಯಾಚೆಯದು.

ನನ್ನ ಚಹಾ ಬಟ್ಟೆಯ ರಾಶಿಯ ಬದಿಯಲ್ಲಿ ಕೆನೆ ಕಟ್ಟಿ ಆರುತ್ತಿತ್ತು. ಅರಳಿಗೆ ಇಡುವ ಹಾಲು ಮಾತ್ರ ಎಷ್ಟು ಬಿಸಿ ಇದೆ ಎಂದು ಆಕೆ ಬೆರಳಿಟ್ಟು ನೋಡುತ್ತಿದ್ದಳು. ನನಗೆ ಜ್ವರ ಬಂದು ಮಲಗಿದಾಗ “ಗುಳಿಗಿ ತಗೊಂಡ್ರ್ಯಾ?” ಎಂದು ಬಾಗಿಲಲ್ಲೇ ನಿಂತು ಕೇಳಿದವಳು, ಅರಳಿ ಒಂದು ಹೊತ್ತಿನ ಅನ್ನ ಮೂಸಿ ಬಿಟ್ಟರೆ ಬದಿಯಲ್ಲೇ ಕುಳಿತು ತುತ್ತು ಮಾಡಿ ಇಡುತ್ತಿದ್ದಳು. ಈಗ ತಣ್ಣಗೆ ಯೋಚಿಸಿದರೆ ನನಗೆ ಆಕೆ ಏನೂ ಕಡಿಮೆ ಮಾಡಿರಲಿಲ್ಲ. ನನಗೆ ಎಂದೂ ಮಾಡದೇ ಇದ್ದದ್ದನ್ನು ಅದಕ್ಕೆ ಮಾಡುತ್ತಿದ್ದಳು. ಅಷ್ಟು ಮೆತ್ತನೆಯದು ಆಕೆಯೊಳಗೆ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಇತ್ತು — ಇಷ್ಟು ವರ್ಷ ಇತ್ತು — ನಾನು ಕೇಳಿರಲಿಲ್ಲ, ಅದು ಕೇಳಿತು, ಪಡೆಯಿತು.

ಗಿರಾಕಿಗಳಿಗೂ ಇದು ಕಾಣುತ್ತಿತ್ತು. ಅಳತೆ ಕೊಡಲು ಬಂದ ನೆರೆಮನೆಯ ಹೆಂಗಸೊಬ್ಬಳು ಹಿತ್ತಲಿನ ಕಡೆ ಇಣುಕಿ ನಕ್ಕಳು.

“ಏನ್ರಿ ಟೇಲರ್ ಕಾಕಾ, ಮುಪ್ಪಿನ್ಯಾಗ ಮನಿಗೆ ಸವತಿ ಬಂದಾಳಲ್ರಿ ನಿಮಗ! ಏನ್ ಬೆಳ್ಳಗದಾಳವ್ವ!”

“ಗಂಡಸರಿಗೆ ಸವತಿ ಇರ್ತಾರೇನವ್ವ?” ಎಂದೆ. ಆಕೆ ಇನ್ನಷ್ಟು ನಕ್ಕಳು. ನಾನೂ ನಕ್ಕೆ. ಆ ದಿನ ಆಕೆಯ ಕುಪ್ಪಸದ ತೋಳು ಓರೆ ಬಂತು, ಬಿಚ್ಚಿ ಹೊಲಿಯಬೇಕಾಯಿತು.

ಒಂದು ಬೇಸಿಗೆಯ ಆರಂಭದಲ್ಲಿ ಅರಳಿ ಒಂದೇ ಸಮನೆ ಏದುಸಿರು ಬಿಡತೊಡಗಿತು, ಕಿವಿ ಕೆರೆದುಕೊಳ್ಳತೊಡಗಿತು. ನೀಲವ್ವನಿಗೆ ಆಗ ಕಾಲು ಉಳುಕಿ ನಡೆಯಲಾಗುತ್ತಿರಲಿಲ್ಲ. ಗೋಕಾಕಕ್ಕೆ ನಾನೇ ಒಯ್ಯಬೇಕಾಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತು ಹತ್ತು ಮಾತು ಹೇಳಿ ಕಳಿಸಿದಳು — ಬಿಸಿಲಿಗೆ ಹಿಡಿಯಬೇಡಿ, ನೀರು ಕುಡಿಸಿ, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಗೊಡಬೇಡಿ. ನನಗೆ ಛತ್ರಿ ಬೇಕೇ ಎಂದು ಕೇಳಲಿಲ್ಲ.

ದನಗಳ ಡಾಕ್ಟರ್ ಒಬ್ಬ ಹೆಣ್ಣುಮಗಳು. ಅರಳಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಕೂದಲು ಬಗೆದು, ಕಿವಿ, ಹಲ್ಲು, ಅಂಗಾಲು ಎಲ್ಲ ನೋಡಿದರು. ಕಿವಿಗೆ ಒಂದು ಔಷಧಿ ಕೊಟ್ಟರು.

“ಎಲ್ಲಾರೂ ಇದಕ್ಕ ಪಾಮೇರಿಯನ್ ಅಂತಾರ್ರಿ. ಇದು ನಮ್ಮ ದೇಶದ ಸ್ಪಿಟ್ಜ್. ಇದರ ಹಿರ್ಯಾರು ಥಂಡಿ ದೇಶದವರು, ಇಂಗ್ಲಿಷರ ಸಂಗಡ ಬಂದಾವು. ನಮ್ಮ ಬಿಸಿಲು, ನಮ್ಮ ಅನ್ನ-ಹಾಲು, ಇದರ ಮ್ಯಾಲೆ ಬೆಳದು ಬೆಳದು ಇಲ್ಲೀವ ಆಗ್ಯಾವು. ಆದರ ಕೂದಲು ಮಾತ್ರ ಹಳೇ ಊರಿನದ ನೋಡ್ರಿ.”

ಅವರು ಬೆರಳಿನಿಂದ ಬಿಡಿಸಿ ತೋರಿಸಿದರು. ಎರಡು ಪದರ. ಒಳಗಿನದು ಮೋಟಾದ, ಒತ್ತಾದ ಉಣ್ಣೆ. ಮೇಲಿನದು ನೀಳವಾದ, ನೆಟ್ಟನೆಯ ಕೂದಲು. ಒಳಗಿನದು ಕಾಲಕಾಲಕ್ಕೆ ಉದುರಿ ಮತ್ತೆ ಬರುತ್ತದೆ, ಅದನ್ನು ಬಾಚಿ ತೆಗೆಯುತ್ತಿರಬೇಕು. ಗಂಟು ಬಿದ್ದರೆ ಗಾಳಿಯಾಡುವುದಿಲ್ಲ, ಚರ್ಮ ಕೊಳೆಯುತ್ತದೆ. ಪದೇ ಪದೇ ಸ್ನಾನ ಬೇಡ, ಮಾಡಿಸಿದರೆ ಬುಡದವರೆಗೆ ಒಣಗಿಸಬೇಕು. ತಿರುಗಾಡಿಸುವುದು ನಸುಕಿನಲ್ಲಿ ಅಥವಾ ಹೊತ್ತು ಇಳಿದ ಮೇಲೆ. ಮಧ್ಯಾಹ್ನ ಒದ್ದೆ ಗೋಣಿತಟ್ಟಿನ ಮೇಲೆ ಮಲಗಿಸಿದರೆ ಸಾಕು. ಉಳ್ಳಾಗಡ್ಡಿ, ಸಿಹಿ ಕೊಡಬಾರದು. ಹೀಗೆ ಒಂದೊಂದಾಗಿ ಹೇಳಿದರು. ನಾನು ಹೂಂ ಹೂಂ ಎನ್ನುತ್ತಿದ್ದೆ.

ಆಮೇಲೆ ಒಂದು ಪ್ರಶ್ನೆ ಕೇಳಿದೆ. ಅದನ್ನು ಕೇಳಿದವನು ನಾನೇ ಎಂಬುದನ್ನು ಇಲ್ಲಿ ಹೇಳಲೇಬೇಕು.

“ಕುರಿಗೆ ಕತ್ತರಿಸಿದಂಗ ಕತ್ತರಿಸಿಬಿಟ್ಟರ ತಂಪ ಆಗೂದಿಲ್ಲೇನ್ರಿ?”

ಡಾಕ್ಟರ್ ಕೈಯನ್ನೇ ಅಡ್ಡ ಹಿಡಿದರು. “ಅಯ್ಯ, ಅದೊಂದು ಮಾಡಬ್ಯಾಡ್ರಿ ಕಾಕಾ. ಮ್ಯಾಲಿನ ಕೂದಲು ಛಪ್ಪರ ಇದ್ದಂಗ. ಬಿಸಿಲು ಒಳಗ ಬಿಡೂದಿಲ್ಲ. ಬುಡದ ತನಕ ಕತ್ತರಿಸಿದ್ರ ಚರ್ಮ ಸುಡತೈತಿ. ಮತ್ತ ಈ ಕೂದಲು ಮೊದಲಿನಂಗ ಬರತೈತಂತ ಗ್ಯಾರಂಟಿ ಇಲ್ಲ. ಕೆಲವಕ್ಕ ಬರೂದ ಇಲ್ಲ.”

ತಿಳಿಯಿತು ಎಂದೆ. ಏಳುವಾಗ ಅವರು ಅರಳಿಯ ತಲೆ ಸವರಿ, “ಮನ್ಯಾಗ ಇದನ್ನ ಯಾರು ನೋಡ್ಕೋತಾರ್ರಿ?” ಎಂದರು.

“ನಮ್ಮ ಮನಿಯವರು.”

“ಒಂದು ಗಂಟಿಲ್ಲ ನೋಡ್ರಿ ಕೂದಲಾಗ. ಅವರಿಗೆ ಹೇಳ್ರಿ, ಇಷ್ಟು ಜೀವಾ ಇಟ್ಟು ನೋಡ್ಕೊಂಡಿದ್ದು ನಾ ಮತ್ತೊಂದು ಕಂಡಿಲ್ಲಂತ.”

ಆ ಮಾತನ್ನೂ ನಾನು ನೀಲವ್ವನಿಗೆ ತಲುಪಿಸಲಿಲ್ಲ. ಅದು ಎರಡನೆಯ ಕಳ್ಳತನ. ಮೊದಲನೆಯದಕ್ಕಿಂತ ಸಣ್ಣದು ಎಂದು ಈಗ ಅನಿಸುವುದಿಲ್ಲ.

ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದೆ. ನಾಯಿ ನನ್ನ ತೋಳಿನಲ್ಲಿತ್ತು, ನನ್ನ ಟವೆಲ್ಲು ನಾಯಿಯ ತಲೆಯ ಮೇಲಿತ್ತು — ಆಕೆ ಹೇಳಿದ್ದನ್ನು ಪಾಲಿಸಿದ್ದೆ. ನೀಲವ್ವ ಕುಂಟುತ್ತಾ ಬಾಗಿಲಿಗೆ ಬಂದಳು. ನನ್ನ ತೋಳಿನಿಂದ ಅದನ್ನು ತೆಗೆದುಕೊಂಡಳು, ಕೆನ್ನೆಗೆ ಒತ್ತಿಕೊಂಡಳು.

“ಎಷ್ಟ್ ಬಳಲೇತಿ ನನ್ನ ಕೂಸು! ಏನಂದ್ರು ಡಾಕ್ಟರ್?”

ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಗಂಟಲು ಒಣಗಿತ್ತು. ಆಕೆ ಒಂದು ತಂಬಿಗೆ ನೀರು ಕೊಟ್ಟಿದ್ದರೆ — ಇಲ್ಲ, ಹಾಗೆ ಬರೆಯಬಾರದು. ನೀರಿನ ಕೊಡ ಅಲ್ಲೇ ಇತ್ತು, ನನ್ನ ಕೈ ಮುರಿದಿರಲಿಲ್ಲ. ನಾನು ಬಾಯಿ ಬಿಟ್ಟೆ. ಬಂದದ್ದು ಇದು:

“ಕೂದಲಾ ಪೂರಾ ಕತ್ತರಸ್ರಿ ಅಂದ್ರು. ಕುರಿಗೆ ಕತ್ತರಿಸಿದಂಗ.”

ಆಕೆ ನನ್ನನ್ನು ನೋಡಿದಳು. “ಪೂರಾ? ಖರೇನ ಹಂಗಂದ್ರ?”

“ಹಂಗ ಅಂದ್ರು.”

ಬೇರೆ ಊರಿನವರಾಗಿದ್ದರೆ ಈ ಮಾತು ನಂಬುತ್ತಿರಲಿಲ್ಲವೇನೋ. ನಮ್ಮಲ್ಲಿ ನಂಬದೇ ಇರಲು ಕಾರಣವಿರಲಿಲ್ಲ. ಬಿಸಿಲು ಏರುವ ಮುಂಚೆ ಕುರುಬರು ಕುರಿಗಳನ್ನು ಕಾಲುವೆಯಲ್ಲಿ ಮೀಯಿಸಿ, ಕಾಲು ಕಟ್ಟಿ ಮಗ್ಗುಲಿಗೆ ಕೆಡವಿ ತುಪ್ಪಟ ಕತ್ತರಿಸುವುದನ್ನು ನಾವು ಹುಟ್ಟಿದಾಗಿನಿಂದ ಕಂಡವರು. ಕತ್ತರಿಸಿದ ಕುರಿ ಎದ್ದು ಮೈ ಝಾಡಿಸಿ ಮೇಯಲು ಹೋಗುತ್ತದೆ. ಅದಕ್ಕೆ ಹಿತವಾದದ್ದು ಇದಕ್ಕೂ ಹಿತ ಎಂದು ಯಾರಿಗಾದರೂ ಅನಿಸುತ್ತದೆ. ನೀಲವ್ವ ಮೇಲವಂಕಿಯ ಒಕ್ಕಲು ಮನೆಯ ಮಗಳು. ನನ್ನ ಸುಳ್ಳಿಗೆ ಬೇಕಾದ ಅರ್ಧವನ್ನು ಆಕೆಯ ಊರೇ ಮುಂಚಿತವಾಗಿ ಕಲಿಸಿಟ್ಟಿತ್ತು.

ಆದರೂ ಆಕೆ ಕೆಲವು ದಿನ ಮುಂದೂಡಿದಳು. “ನೀವ ಕತ್ತರಸ್ರಿ, ನಿಮ್ಮ ಕೈ ಹಗುರ ಐತಿ” ಎಂದಳು. ಬಟ್ಟೆಯ ಕತ್ತರಿ ಕೂದಲಿಗೆ ಹಾಕಿದರೆ ಮೊಂಡಾಗುತ್ತದೆ ಎಂದೆ. ಅದು ನಿಜವೇ. ಆದರೆ ನಿಜವಾದ ಮಾತನ್ನು ಆಡಿದಾಗಲೂ ನಾನು ಸುಳ್ಳನ್ನೇ ಆಡುತ್ತಿದ್ದೆ — ನನ್ನ ಕೈಯಿಂದ ಆಗಬಾರದು, ಅಷ್ಟೇ ನನಗೆ ಬೇಕಾಗಿತ್ತು.

ನಮ್ಮ ಓಣಿಯ ಹಿಂದಿನ ಹೊಲದಲ್ಲಿ ಆಗ ಭರಮಪ್ಪನೆಂಬ ಕುರುಬ ಗೊಬ್ಬರಕ್ಕಾಗಿ ಕುರಿ ಹಿಂಡನ್ನು ತರುಬಿ ನಿಲ್ಲಿಸಿದ್ದ. ಅವನ ಅಂಗಿಗಳನ್ನು ನಾನೇ ಹೊಲಿಯುತ್ತಿದ್ದೆ. ಕರೆದೆ. ಹಿತ್ತಲಿಗೆ ಬಂದವನು ಅರಳಿಯನ್ನು ನೋಡಿ ಮುಂಡಾಸು ಸರಿಸಿ ತಲೆ ಕೆರೆದುಕೊಂಡ.

“ಅಕ್ಕಾರ, ಇದು ಬೊಗಳೂ ಕುರಿ ಆತಲ್ರಿ. ಕಡೀತೈತೋ ಏನ?”

“ಕಡಿಯೂದಿಲ್ಲೋ ಯಪ್ಪಾ. ನಾ ಹಿಡಕೋತೇನಿ. ಮೆತ್ತಗ ಮಾಡು.”

“ತುಪ್ಪಟ ಭಾಳ ಚೊಲೊ ಐತ್ರಿ. ಒಂದು ಕಂಬಳಿಗೆ ಸಾಲೂದಿಲ್ಲ, ಟೇಲರಗ ಒಂದು ಟೊಪಿಗಿ ಆಕ್ಕೈತಿ ನೋಡ್ರಿ” ಎಂದು ನಕ್ಕ.

ಅಂಗಡಿಯ ಚಿಂದಿ ಪಟ್ಟಿಗಳಿಂದ ಅದರ ಕಾಲು ಕಟ್ಟಿದೆವು. ಕಟ್ಟಿದವನು ಭರಮಪ್ಪ, ಪಟ್ಟಿ ಕೊಟ್ಟವನು ನಾನು. ನೀಲವ್ವ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಗಳಿಂದ ಒತ್ತಿ ಹಿಡಿದಳು. ಕುರಿ ಕತ್ತರಿಯ ಸಪ್ಪಳಕ್ಕೆ ಅದು ಬೆಚ್ಚಿತು. ಕೂಗಿತು — ಬೊಗಳಲಿಲ್ಲ, ಕೂಗಿತು. ಆಕೆ ಗುನುಗಿ ಸಮಾಧಾನ ಮಾಡಲು ನೋಡಿದಳು. ಬಿಡಿಸಿಕೊಳ್ಳಲು ಅದು ಒದ್ದಾಡಿದಷ್ಟೂ ಆಕೆ ಬಿಗಿ ಹಿಡಿಯುತ್ತಿದ್ದಳು, ಹಿಡಿಯಲೇಬೇಕಿತ್ತು, ಇಲ್ಲದಿದ್ದರೆ ಕತ್ತರಿ ಚರ್ಮಕ್ಕೆ ತಾಗುತ್ತಿತ್ತು. ಅದರ ಕಣ್ಣು ಆಕೆಯ ಮುಖದ ಮೇಲೇ ಇತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಮೊದಲ ಮಗ್ಗುಲಾದ ಮೇಲಾದರೂ ಹೇಳಿದ್ದರೆ ಎರಡನೆಯದು ಉಳಿಯುತ್ತಿತ್ತು. ನಾನು—

ಹೇಳಲಿಲ್ಲ.

ಕಟ್ಟು ಬಿಚ್ಚಿದಾಗ ಎದ್ದು ನಿಂತದ್ದು ಅರಳಿಯ ಹಾಗೆ ಕಾಣಲಿಲ್ಲ. ಗುಲಾಬಿ ಬಣ್ಣದ, ಎಲುಬಿನ, ನಡುಗುವ ಏನೋ ಒಂದು. ಅದು ಆಕೆಯ ಕಡೆ ತಿರುಗಿ ನೋಡಲಿಲ್ಲ. ನನ್ನ ಕಾಲ ಸಂದಿಯಿಂದ ಒಳಗೆ ಓಡಿ ಮಷೀನಿನ ಅಡಿಗೆ ಹೊಕ್ಕಿತು.

“ಕುರಿ ಆಗಿದ್ರ ಈಗ ಮೈ ಝಾಡಿಸ್ತಿತ್ತು” ಎಂದು ಭರಮಪ್ಪ ಮೆಲ್ಲಗೆ ಅಂದ. ಆಗ ಅವನು ನಗುತ್ತಿರಲಿಲ್ಲ.

ಒಂದು ವಾರದಲ್ಲಿ ಬೆನ್ನಿನ ಚರ್ಮ ಕೆಂಪಾಗಿ ಸುಲಿಯತೊಡಗಿತು. ನೀಲವ್ವ ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ ಅದು ಗೋಡೆಗೆ ಒತ್ತಿಕೊಂಡು ಹಲ್ಲು ತೋರಿಸುತ್ತಿತ್ತು. ಆಕೆ ಗೋಕಾಕಕ್ಕೆ ತಾನೇ ಹೋಗುತ್ತೇನೆ ಎಂದಳು. ಆಕೆ ಹೋದರೆ ನನ್ನ ಗತಿ? ಕಾಲು ಇನ್ನೂ ನೋಯುತ್ತದಲ್ಲ ಎಂದೆ, ನಾನೇ ಹೋದೆ. ನಾಯಿಯನ್ನು ಒಯ್ಯಲೂ ಇಲ್ಲ. ಕೂದಲು ಕತ್ತರಿಸಿದ ಮೇಲೆ ಚರ್ಮ ಸುಲಿಯುತ್ತಿದೆ ಎಂದು ಮುಲಾಮು ಕೇಳಿದೆ. ಡಾಕ್ಟರ್‌ಗೆ ನೆನಪಿತ್ತು.

“ಕತ್ತರಿಸಬ್ಯಾಡ್ರಿ ಅಂದಿದ್ನೆಲ್ರಿ ಕಾಕಾ? ಮನ್ಯಾಗ ಹೇಳಲಿಲ್ಲೇನು?”

ಇಲ್ಲಿಗೆ ಬಂದು ಅರ್ಧ ದಿನ ಹಾಳೆಯನ್ನು ಹಾಗೇ ಬಿಟ್ಟು ಎದ್ದು ಹೋಗಿದ್ದೆ. ನಾನು ಹೇಳಿದ್ದು:

“ಹೇಳಿದ್ನಿರಿ. ಆಕಿ ಕೇಳಲಿಲ್ಲ.”

ಡಾಕ್ಟರ್ ಮುಲಾಮು ಬರೆದು ಕೊಟ್ಟರು. ಅಷ್ಟು ಹೊಗಳಿದ ಹೆಂಗಸಿನ ಬಗ್ಗೆ ಅವರು ಆಮೇಲೆ ಏನು ಅಂದುಕೊಂಡರೋ. ಹೆಂಡತಿಗೆ ಡಾಕ್ಟರ್ ಹೆಸರಲ್ಲಿ ಸುಳ್ಳು, ಡಾಕ್ಟರ್‌ಗೆ ಹೆಂಡತಿಯ ಹೆಸರಲ್ಲಿ ಸುಳ್ಳು. ನಡುವೆ ನಾನು — ಶುದ್ಧನಾಗಿ ಉಳಿದೆ.

ಗಾಯ ಮಾಯಿತು. ಕೂದಲು ಬಂತು, ಆದರೆ ಒಳಗಿನ ಉಣ್ಣೆ ಮಾತ್ರ. ಬೆನ್ನಿನ ಮೇಲೆ ನೀಳ ಕೂದಲು ಮರಳಲೇ ಇಲ್ಲ. ಮಾಸಲು ಬಣ್ಣ, ಅಲ್ಲಲ್ಲಿ ತೇಪೆ ಹಾಕಿದ ಹಾಗೆ. ಅದಕ್ಕಿಂತ ಮಿಗಿಲಾಗಿ, ಅರಳಿ ಮತ್ತೆಂದೂ ನೀಲವ್ವನ ತೊಡೆ ಏರಲಿಲ್ಲ. ಆಕೆ ಇಟ್ಟ ಅನ್ನ ತಿನ್ನುತ್ತಿತ್ತು, ಆಕೆ ಅತ್ತ ಸರಿದ ಮೇಲೆ. ಹಗಲೆಲ್ಲ ಮಷೀನಿನ ಅಡಿ, ನನ್ನ ಪಾದದ ಬದಿ. ನಾನು ಹೊರಗೆ ಹೋದರೆ ಬಾಗಿಲಲ್ಲಿ ಕಾಯುತ್ತಿತ್ತು. ನನ್ನ ಕೈಯಿಂದ ಬಾಚಿಸಿಕೊಳ್ಳುತ್ತಿತ್ತು.

ನಾನು ಗೆದ್ದಿದ್ದೆ. ಆದರೆ ನನಗೆ ಬೇಕಾಗಿದ್ದದ್ದು ನಾಯಿ ಆಗಿರಲಿಲ್ಲ.

ನೀಲವ್ವ ಚಾಪೆಗೆ ಮರಳಿದಳು. ಕಾಜಾ ಹೊತ್ತಿಗೆ ಸರಿಯಾಗಿ ಆಗತೊಡಗಿತು. ನನ್ನ ಚಹಾ ಬಿಸಿಯಾಗಿ ಸಿಗತೊಡಗಿತು. ಮಷೀನು ನಿಲ್ಲಿಸಿ ಕಿವಿ ಕೊಟ್ಟರೆ ಏನೂ ಇರುತ್ತಿರಲಿಲ್ಲ. ಆಕೆ ಗುನುಗುವುದನ್ನು ಬಿಟ್ಟಿದ್ದಳು. ಅಳುತ್ತಿರಲಿಲ್ಲ, ಸಿಡುಕುತ್ತಿರಲಿಲ್ಲ, ದಾರ ಪೋಣಿಸುತ್ತಿದ್ದಳು. ಒಮ್ಮೆ ನಾನು ಅರಳಿಯನ್ನು ಬಾಚುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆ ನೋಟ ನನಗೆ ಗುರುತಿತ್ತು. ಹಿಂದೆ ಅದೇ ಜಾಗದಲ್ಲಿ ನಿಂತು ನಾನು ಹಿತ್ತಲಿನ ಕಡೆ ನೋಡುತ್ತಿದ್ದ ನೋಟ ಅದು. ನನ್ನ ಕಿಚ್ಚನ್ನು ನಾನು ಆಕೆಗೆ ದಾಟಿಸಿದ್ದೆ.

“ನಿಮ್ಮನ್ನ ಹಚಗೊಂಡೈತಿ ಈಗ” ಎಂದಳು. “ಆಗ್ಲಿ. ಯಾರನ್ನರ ಹಚಗೋಬೇಕಲ್ಲ ಪಾಪ ಅದೂ.”

ಬಳಗದಲ್ಲಿ ಇದು ನಗೆಯ ಕತೆಯಾಯಿತು. ಹಬ್ಬಕ್ಕೆ ಬಂದವರು ಅರಳಿಯನ್ನು ನೋಡಿ ಕೇಳುತ್ತಿದ್ದರು, ಯಾರಾದರೊಬ್ಬರು ಹೇಳುತ್ತಿದ್ದರು — ನೀಲವ್ವ ನಾಯಿಯನ್ನು ಕುರಿ ಮಾಡಿದಳು ಎಂದು. ಡಾಕ್ಟರ್ ಹೇಳಿದ್ದರೆಂದು ಮೊದಮೊದಲು ಆಕೆ ಅನ್ನುತ್ತಿದ್ದಳು. ಓದಿದ ಡಾಕ್ಟರ್ ಹಾಗೆ ಹೇಳುತ್ತಾರೆಯೇ, ನೀನೇ ತಪ್ಪು ತಿಳಿದಿರಬೇಕು ಎಂದು ಸವಿತಾ ಕೂಡ ಅಂದಳು. ನೀಲವ್ವ ನನ್ನ ಕಡೆ ನೋಡಿದಳು. ನಾನು ದಾರದ ಉಂಡೆ ಹುಡುಕುತ್ತಿದ್ದೆ. ಆಮೇಲೆ ಆಕೆ ಡಾಕ್ಟರ್ ಹೆಸರು ಎತ್ತುವುದನ್ನು ಬಿಟ್ಟಳು. “ಹೌದವ್ವ, ನನಗ ತಿಳೀಲಿಲ್ಲ, ನಾನ ಹಿಡಕೊಂಡು ಕುಂತೆ” ಎನ್ನುತ್ತಿದ್ದಳು. ವರ್ಷಗಳು ಹೋದ ಹಾಗೆ ಅದನ್ನೇ ನಂಬಿದಳು ಎಂದು ತೋರುತ್ತದೆ.

ಕಳೆದ ಚಳಿಗಾಲದಲ್ಲಿ ಆಕೆಗೆ ಕಾಮಾಲೆ ಅಂದರು, ಆಮೇಲೆ ಅದಕ್ಕಿಂತ ದೊಡ್ಡದು ಅಂದರು. ಆಸ್ಪತ್ರೆಯಿಂದ ಮನೆಗೆ ತಂದೆವು. ಹೊರಸಿನ ಬದಿಗೆ ನಾನು ಕುಳಿತಿರುತ್ತಿದ್ದೆ, ನನ್ನ ಕಾಲ ಬಳಿ ಅರಳಿ. ಅದಕ್ಕೂ ಈಗ ವಯಸ್ಸಾಗಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಒಂದು ಮಧ್ಯಾಹ್ನ ಆಕೆ ಕೈ ಕೆಳಗೆ ಇಳಿಬಿಟ್ಟಳು. ಅದು ಮೂಸಿತು. ನೆಕ್ಕಲಿಲ್ಲ. ಹಿಂದೆಯೂ ಸರಿಯಲಿಲ್ಲ.

“ಇದಕ್ಕ ನನ್ನ ಮ್ಯಾಲಿನ ಸಿಟ್ಟು ಹೋಗೈತೇನ್ರಿ?” ಎಂದಳು.

ಆಗ ಹೇಳಬೇಕಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆಗೆ ಎಚ್ಚರವಿತ್ತು. ತಪ್ಪು ನಿನ್ನದಲ್ಲ ಎಂಬ ಒಂದೇ ಮಾತು — ಆಕೆ ನನ್ನನ್ನು ಶಪಿಸಿ ಸತ್ತರೂ ಹಗುರಾಗಿ ಸಾಯುತ್ತಿದ್ದಳು. ನಾನು ಹೇಳಿದ್ದು:

“ನಾಯಿಗೆ ಏನ್ ನೆನಪಿರ್ತೈತಿ ಬಿಡು.”

“ನನಗೈತಲ್ಲ” ಎಂದಳು. ಗೋಡೆಯ ಕಡೆ ಹೊರಳಿದಳು.

ಆಕೆ ತೀರಿಕೊಂಡ ಮೇಲೆ, ದಿನದ ಕಾರ್ಯಕ್ಕೆ ಮೇಲವಂಕಿಯಿಂದ ಆಕೆಯ ತಂಗಿ ಮಾದೇವಿ ಬಂದಿದ್ದಳು. ಊಟದ ಮೇಲೆ ಹೆಂಗಸರು ಕುಳಿತು ನೀಲವ್ವನ ಬಗ್ಗೆ ಮಾತಾಡುತ್ತಿದ್ದರು. ಆಕೆಯ ಕೈಯ ಹೋಳಿಗೆ, ಆಕೆಯ ಮೌನ. ಮಾದೇವಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

“ಭೋಳೇ ಇದ್ಳವ್ವ ನಮ್ಮಕ್ಕ. ನಾಯೀನ ಕುರಿ ಅಂತ ತಿಳಕೊಂಡಾಕಿ! ಎಷ್ಟ್ ಪ್ರೀತಿ ಮಾಡ್ತಿದ್ಳು, ತನ್ನ ಕೈಲೇನ ಹಾಳ ಮಾಡಿದ್ಳು.”

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಸತ್ತವರ ಬಗ್ಗೆ ಅಕ್ಕರೆಯಿಂದ ನಗುವ ನಗು. ಸವಿತಾ ಕೂಡ ಅಳುತ್ತಾ ನಕ್ಕಳು. ಈ ಕತೆ ಹೀಗೇ ಉಳಿಯುತ್ತದೆ, ಸವಿತಾಳ ಮಕ್ಕಳು ತಮ್ಮ ಮಕ್ಕಳಿಗೂ ಇದನ್ನೇ ಹೇಳುತ್ತಾರೆ ಎಂದು ನನಗೆ ಆಗ ಕಂಡಿತು. ನನ್ನ ಹೆಂಡತಿಯ ಬಗ್ಗೆ ಜಗತ್ತಿನಲ್ಲಿ ಉಳಿಯುವ ಒಂದೇ ಕತೆ, ಅದೂ ನಾನು ಹೊಲಿದು ಕೊಟ್ಟದ್ದು.

ಎಲ್ಲರೂ ಹೋದ ಮೇಲೆ, ಪಾತ್ರೆ ಒರೆಸಿಡುತ್ತಿದ್ದ ಸವಿತಾಳಿಗೆ ಹೇಳಿದೆ. ಪೂರಾ ಹೇಳಿದೆ — ಡಾಕ್ಟರ್ ಮುಂದೆ ಎರಡನೆಯ ಸಲ ಆಡಿದ್ದನ್ನೂ, ಹೊರಸಿನ ಬದಿಯ ಮಾತನ್ನೂ. ಅವಳು ಕೈಯಲ್ಲಿದ್ದ ಗಂಗಾಳವನ್ನು ಕೆಳಗಿಟ್ಟಳು.

“ಯಾಕಪ್ಪಾ?”

“ಹೊಟ್ಟಿಕಿಚ್ಚವ್ವ.”

“ನಾಯಿ ಮ್ಯಾಲೆ?”

ಹೌದೆಂದೆ. ಅವಳು ನಗಲಿಲ್ಲ. ನಗುತ್ತಾಳೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆನೇನೋ.

“ನಾನೂ ಅಕೀಗೆ ನಕ್ಕೇನಲ್ಲಪ್ಪಾ” ಎಂದಳು. “ಅಕೀ ಮುಂದ ಕುಂತು ನಕ್ಕೇನಿ. ನೀನು ನನ್ನ ನಗಾಕ ಬಿಟ್ಟಿ.”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಸುಳ್ಳು ಮಗಳ ಬಾಯಿಯನ್ನೂ ಬಳಸಿಕೊಂಡಿತ್ತು ಎಂಬುದನ್ನು. ಅವಳು ಮರುದಿನ ಬೆಳಿಗ್ಗೆ ಚಹಾ ಕುಡಿಯದೆ ಹತ್ತರಗಿಗೆ ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ಬರಲೇ ಎಂದೆ. ಬೇಡ ಎಂದಳು.

ಮಾದೇವಿಗೆ ಹೇಳಿದ್ದೇನೆ. ಭರಮಪ್ಪನಿಗೂ ಹೇಳಿದೆ, ಅವನು ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡು ಕುಳಿತ. ಗೋಕಾಕದ ಡಾಕ್ಟರ್ ವರ್ಗವಾಗಿ ಹೋಗಿದ್ದಾರೆ, ಎಲ್ಲಿಗೆಂದು ವಿಚಾರಿಸುತ್ತಿದ್ದೇನೆ. ಆಕೆ ಮಾತು ಕೇಳದ ಹೆಂಗಸಾಗಿರಲಿಲ್ಲ ಎಂದು ಅವರಿಗೂ ತಿಳಿಯಬೇಕು. ಉಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳುತ್ತಾ ಹೋಗುವಷ್ಟು ಆಯುಷ್ಯ ಇದೆಯೋ ಇಲ್ಲವೋ, ಅದಕ್ಕೇ ಬರೆದಿದ್ದೇನೆ.

ಸವಿತಾ ಆಮೇಲೆ ಬಂದಿಲ್ಲ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದಳು. ಫೋನು ಮಾಡಿದರೆ ಎತ್ತುತ್ತಾಳೆ, ಉಂಡೆಯಾ, ಆರಾಮ ಇದ್ದೀಯಾ ಎಂದು ಕೇಳುತ್ತಾಳೆ, ಇಡುತ್ತಾಳೆ. ಮೈ ಸರಿಯಿಲ್ಲ, ಎದೆ ಹಿಡಿದ ಹಾಗಿದೆ ಎಂದು ಒಂದು ಮಾತು ಅಂದರೆ ಮುಂದಿನ ಬಸ್ಸಿಗೇ ಹೊರಟು ಬರುತ್ತಾಳೆ, ನನಗೆ ಗೊತ್ತು. ಆ ಮಾತು ಪ್ರತಿ ಸಲವೂ ನಾಲಿಗೆಯ ತುದಿಯವರೆಗೆ ಬರುತ್ತದೆ.

ನಿನ್ನೆಯೂ ಕೇಳಿದಳು. ಆರಾಮ ಇದ್ದೇನೆ ಎಂದೆ.